ಕೊಳವೆಯಲ್ಲಿ ನಿಂತ ನೀರು

೫ ಜುಲೈ ೧೯೩೬, ಭಾನುವಾರ. ಶಿವನಸಮುದ್ರ

ಭಾನುವಾರವಾದರೂ ಕಾಲು ಚಾಚಿ ಕೂರೋಣವೆಂದರೆ ಅದೂ ನನ್ನ ಹಣೆಯಲ್ಲಿ ಬರೆದಿಲ್ಲ. ಬೆಳಿಗ್ಗೆ ಅಮ್ಮ ಪೂಜೆಯ ಪಾತ್ರೆ ತೊಳೆಯುತ್ತಿದ್ದಾಗ ಬೆಳ್ಳಿಯ ಉದ್ಧರಣೆ ಕೈಜಾರಿ ಅಡುಗೆಮನೆಯ ಸಿಂಕಿನ ತೂತಿನೊಳಕ್ಕೆ ಹೋಯಿತು. "ನಿಮ್ಮಪ್ಪ ತೀರ್ಥ ತೊಗೊಳ್ತಿದ್ದ ಉದ್ಧರಣೆ ಕಣೋ!" ಎಂದು ಅವಳು ಕೂಗಿದ ಕೂಗಿಗೆ ಜಲಪಾತದ ಸದ್ದೂ ಒಂದು ಗಳಿಗೆ ಅಡಗಿತು.

ಸಿಂಕು ಎಂಬ ಈ ಪದಾರ್ಥವನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಲ್ಲ. ಮಂಡ್ಯದ ಮನೆಯಲ್ಲಿ ನೆಲದಲ್ಲೇ ಮೋರಿ, ನೀರು ಸುರಿದರೆ ನೆಟ್ಟಗೆ ಹಿತ್ತಲಿಗೆ. ಈ ಕ್ವಾರ್ಟರ್ಸು ಕರೆಂಟಿನ ಕೆಲಸಕ್ಕೆ ಬಂದಿದ್ದ ಬಿಳಿಯರಿಗೆಂದು ಕಟ್ಟಿದ್ದು. ಅವರು ಹೋದರು, ಆಮೇಲೆ ಯಾರು ಯಾರೋ ಇದ್ದರು, ಈಗ ಗುಮಾಸ್ತ ತಿರುನಾರಾಯಣನ, ಅಂದರೆ ನನ್ನ, ಪಾಲಿಗೆ ಬಂದಿದೆ. ಗೋಡೆಗೆ ಸೊಂಟದೆತ್ತರದಲ್ಲಿ ಬಿಳಿ ಪಿಂಗಾಣಿ ತೊಟ್ಟಿ. ಅದರ ಬುಡದಿಂದ ಕಬ್ಬಿಣದ ಕೊಳವೆ ಕೆಳಗಿಳಿದು, ಆನೆಯ ಸೊಂಡಿಲಿನ ಹಾಗೆ ಬಾಗಿ ಮತ್ತೆ ಮೇಲೆದ್ದು, ಗೋಡೆ ತೂರಿ, ಹೊರಗಿನ ಮಣ್ಣಿನ ಕೊಳವೆಗೆ ಸೇರಿ ಹಿತ್ತಲಿನ ಕೊಳಚೆ ಗುಂಡಿಗೆ ಹೋಗುತ್ತದೆ. ನೇರ ಹೋಗುವುದನ್ನು ಬಿಟ್ಟು ಈ ಕೊಂಕು ಯಾಕೆ ಇಟ್ಟರೋ ಆ ದೊರೆಗಳಿಗೇ ಗೊತ್ತು.

ಕೊಂಕಿನ ತಿರುಪು ಬಿಚ್ಚಿದೆ. ಉದ್ಧರಣೆ ಬಂತು. ಜೊತೆಗೆ ಕಪ್ಪು ನೀರು, ಕೊಳೆತ ಅನ್ನದಗುಳು, ಎಲುಬೋ ಕಡ್ಡಿಯೋ ತಿಳಿಯದ ಒಂದು ಚೂರು. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ಪೆರುಮಾಳೇ! ಈ ಮುಸುರೆ ನೀರು ಇಷ್ಟು ದಿನವೂ ಒಳಗೇ ನಿಂತಿತ್ತೇನೋ? ನೈವೇದ್ಯಕ್ಕೆ ಅನ್ನ ಮಾಡೋ ಮನೇಲಿ? ಆ ದೊರೆ ಏನೇನು ತಿಂದು ತೊಳೆದನೋ!"

ತೊಳೆದು ಮತ್ತೆ ಹಾಕುತ್ತೇನೆ ಎಂದೆ. "ಹಾಕಿದ್ರೆ ನಾಳೆ ಮತ್ತೆ ನಿಲ್ಲೋಲ್ವೇನೋ?" ಎಂದಳು. ನಿಲ್ಲುತ್ತದೆ, ಅದರ ಆಕಾರವೇ ಹಾಗಿದೆ. ಒಂದು ಹೊತ್ತಿನ ಮುಸುರೆ ಇನ್ನೊಂದು ಹೊತ್ತಿಗೆ ಅಡುಗೆಮನೆಯಲ್ಲಿ ಉಳಿಯಕೂಡದು ಎನ್ನುವುದನ್ನು ನಾನು ತೊಟ್ಟಿಲಿನಿಂದ ಕೇಳಿಕೊಂಡು ಬಂದವನು. ಸಾಯಂಕಾಲ ಅಮ್ಮನ ಅಪ್ಪಣೆಯಂತೆ ಆ ಕೊಂಕನ್ನು ಬಾಳೆಲೆಯಲ್ಲಿ ಹಿಡಿದು ಹೊಳೆಗೆ ಎಸೆದು, ಅಲ್ಲೇ ಮಿಂದು ಬಂದೆ. ಸರ್ಕಾರಿ ಸಾಮಾನು. ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಮನೆಯವಳು ಮೂರು ತಿಂಗಳ ಬಸುರಿ. ಅವಳ ಆರೈಕೆಗೆಂದೇ ಅಮ್ಮ ಮಂಡ್ಯದಿಂದ ಬಂದಿರುವುದು. ಇವಳು ಬಾಗಿಲಲ್ಲಿ ನಿಂತು ನಗುತ್ತ, "ಹೊಳೆಗೆ ಹಾಕೋ ಮುಂಚೆ, ಅದು ಯಾಕಿತ್ತು ಅಂತ ಯಾರನ್ನಾದ್ರೂ ಕೇಳಬಾರ್ದಿತ್ತೇ?" ಎಂದಳು. "ಪಂಕಜಾ, ಒಳಗೆ ಹೋಗು" ಎಂದಳು ಅಮ್ಮ. ಹೋದಳು. ಹೆಂಗಸರಿಗೆ ಎಲ್ಲದರಲ್ಲೂ ಒಂದು ಮಾತು ಬೇಕು.

೮ ಜುಲೈ, ಬುಧವಾರ

ಮಳವಳ್ಳಿಯಲ್ಲಿ ತಗಡಿನ ಕೆಲಸದವನಿಂದ ಮಾಡಿಸಿದ ಹೊಸ ಕೊಳವೆ ಬಸ್ಸಿನಲ್ಲಿ ಬಂತು. ನೇರವಾಗಿ ಇಳಿದು ಗೋಡೆಯ ಹತ್ತಿರ ಒಂದೇ ಒಂದು ತಿರುವು. ಫಿಟ್ಟರನ್ನು ಕರೆಯುವ ಹಾಗಿಲ್ಲ. ಅವನು ಅಡುಗೆಮನೆಗೆ ಕಾಲಿಟ್ಟರೆ ಅಮ್ಮ ಉಪವಾಸ, ಹಳೆಯದು ಎಲ್ಲಿ ಎಂದು ಕೇಳಿದರೆ ನಾನು ಸಸ್ಪೆಂಡು. ಆದ್ದರಿಂದ ನಾನೇ ಮಿಂದು, ಒದ್ದೆ ಪಂಚೆಯಲ್ಲಿ ಕೂತು, ಸೆಣಬಿಗೆ ಟಾರು ಸವರಿ ಸುತ್ತಿ, ಸಂದಿಗೆ ಗಾರೆ ಮೆತ್ತಿ ಕೂರಿಸಿದೆ.

ಒಂದು ಚೊಂಬು ನೀರು ಸುರಿದರೆ ಗೊಳಕ್ ಎಂದು ಮಾಯ! ಒಂದು ಹನಿ ಒಳಗೆ ನಿಲ್ಲುವುದಿಲ್ಲ. ಬಿಳಿಯರಿಗೆ ಹೊಳೆಯದ್ದು ಗುಮಾಸ್ತನಿಗೆ ಹೊಳೆಯಿತು ಎಂದು ಬೀಗಿದೆ. ಅಮ್ಮ ಸಕ್ಕರೆ ಪೊಂಗಲು ಮಾಡಿದಳು. ನಾನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದೆ. ಮನೆಯವಳು ಎರಡು ತುತ್ತಿಗೇ ಎದ್ದು ಹೋದಳು.

೧೧ ಜುಲೈ, ಶನಿವಾರ

ಅಡುಗೆಮನೆಯಲ್ಲಿ ಏನೋ ಕೆಟ್ಟ ವಾಸನೆ. ನನಗೂ ಒಂದಿಷ್ಟು ಬಡಿಯಿತು, ಇಲ್ಲವೆನ್ನುವುದಿಲ್ಲ. ಆದರೆ ಇವಳ ಅವತಾರ ನೋಡಬೇಕು! ಹೊಸ್ತಿಲು ದಾಟುವ ಮೊದಲೇ ಸೆರಗು ಮೂಗಿಗೆ, ಮರುಕ್ಷಣ ಹಿತ್ತಲಿಗೆ ಓಟ. ಬೆಳಿಗ್ಗೆ ಕುಡಿದ ಕಾಫಿ ಹೋಯಿತು, ಮಧ್ಯಾಹ್ನದ ಸಾರನ್ನ ಹೋಯಿತು.

"ಬಸುರಿ ಸಂಕಟ. ನಿನ್ನ ಹೊತ್ತಾಗ ನಾನೂ ಒಗ್ಗರಣೆ ಅಂದ್ರೆ ಓಡ್ತಿದ್ದೆ" ಎಂದಳು ಅಮ್ಮ.

"ಆ ಕೊಂಕು ತೆಗೆದ ಮೇಲೇ ಅಲ್ವೇ ಈ ವಾಸನೆ?" ಎನ್ನುತ್ತಾಳೆ ಇವಳು. ಕೊಳೆತ ನೀರನ್ನು ಹೊರಗೆ ಹಾಕಿದರೆ ವಾಸನೆ ಹೋಗಬೇಕೋ ಬರಬೇಕೋ? ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ.

೧೫ ಜುಲೈ, ಬುಧವಾರ

ಇಲಿ ಸತ್ತಿದೆಯೆಂದು ಅಟ್ಟವನ್ನೆಲ್ಲ ತಡಕಿದೆ. ಸೌದೆಯ ರಾಶಿ ಎಳೆದು ಹಾಕಿದೆ. ಒಂದು ಚೇಳು ಸಿಕ್ಕಿತು, ಇಲಿ ಸಿಗಲಿಲ್ಲ. ಸಿಂಕಿಗೆ ಫಿನೈಲು ಸುರಿದೆ. ಈಗ ಕೊಳೆತ ವಾಸನೆಯ ಮೇಲೆ ಫಿನೈಲಿನ ವಾಸನೆ. ಇವಳಿಗೆ ಇನ್ನೂ ಜೋರಾಯಿತು.

ಮನೆಯಾದರೂ ಎಷ್ಟು ದೊಡ್ಡದು? ಒಂದು ಅಡುಗೆಮನೆ, ಒಂದು ಕೋಣೆ, ಮುಂದೊಂದು ಜಗುಲಿ. ಒಲೆಯ ಮೇಲಿನ ಹೊಗೆಗೂಡು ಗಾಳಿಯನ್ನು ಎಳೆದೆಳೆದು, ವಾಸನೆ ಮನೆಯೆಲ್ಲ ತಿರುಗುತ್ತದೆ. ಆಫೀಸಿನಲ್ಲಿ ಕೂತರೂ ನನ್ನ ಅಂಗಿಯಲ್ಲಿ ಅದೇ ಇದೆಯೆಂದು ತೋರುತ್ತದೆ.

೧೮ ಜುಲೈ

ಮಜ್ಜಿಗೆಯೂ ನಿಲ್ಲಲಿಲ್ಲ. ನಿಂಬೆಹಣ್ಣಿನ ಪಾನಕವೂ ನಿಲ್ಲಲಿಲ್ಲ. ರಾಗಿ ಅಂಬಲಿ ಕುಡಿಸಿದರೆ ನಿಂತೀತೆಂದು ಕೆಲಸದ ಮಾಯಮ್ಮ ಹೇಳಿದಳು. ಅದೂ ನಿಲ್ಲಲಿಲ್ಲ. ಬಳೆಗಳು ಮುಂಗೈಯಿಂದ ಜಾರಿ ಅಂಗೈಗೆ ಬರುತ್ತಿವೆ, ಅವನ್ನು ಮೇಲಕ್ಕೆ ತಳ್ಳಿಕೊಳ್ಳುವುದಕ್ಕೂ ಅವಳಿಗೆ ತ್ರಾಣವಿಲ್ಲ.

೨೦ ಜುಲೈ, ಸೋಮವಾರ

ಮಳವಳ್ಳಿಯಿಂದ ಡಾಕ್ಟರನ್ನು ಕರೆತಂದೆ. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕೈಯ ಚರ್ಮ ಚಿವುಟಿ ನೋಡಿದರು. ಚಿವುಟಿದ ಚರ್ಮ ಹಾಗೇ ನಿಂತಿತು. ಆಮೇಲೆ ನನ್ನನ್ನು ಜಗುಲಿಗೆ ಕರೆದರು.

"ತಾಯಿ ಹೊಟ್ಟೇಲಿ ಅನ್ನ ನಿಲ್ಲದಿದ್ರೆ ತಾಯೀನೂ ಇಲ್ಲ, ಮಗೂನೂ ಇಲ್ಲ. ಸುಧಾರಿಸದಿದ್ರೆ ಮೈಸೂರಿಗೆ ಕರ್ಕೊಂಡು ಹೋಗಿ ಬಸಿರು ತೆಗೆಸಬೇಕಾದೀತು. ಆದ್ರೆ ಈ ಸ್ಥಿತೀಲಿ ಅಷ್ಟು ದೂರ ತಡ್ಕೋತಾರೆ ಅಂತ ನಾನು ಹೇಳಲಾರೆ."

ಅಮ್ಮನಿಗೆ ಮೊದಲ ಮಾತನ್ನಷ್ಟೇ ಹೇಳಿದೆ. ಅವಳು ದೇವರ ಮುಂದೆ ಹೋಗಿ ಕೂತಳು. ನಾನು ಎಲ್ಲಿ ಹೋಗಿ ಕೂರಲಿ?

೨೧ ಜುಲೈ

ಏನೂ ಬರೆಯಲಾರೆ.

೨೩ ಜುಲೈ, ಗುರುವಾರ

ಮಾವನವರಿಗೆ ತಂತಿ ಕೊಟ್ಟಿದ್ದೆ. ಯೋಗಾನರಸಿಂಹಯ್ಯನವರು ಮದ್ದೂರಿನಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೇ ಬಂದಿಳಿದರು. ಮಗಳನ್ನು ನೋಡಿ, "ಇದೇನಮ್ಮ ಪಂಕು, ಕಡ್ಡಿಯಾಗಿಬಿಟ್ಟಿದೀಯಲ್ಲಾ" ಎಂದು ಅವಳ ಪಕ್ಕದಲ್ಲಿ ಕೂತರು. ಕರೆದುಕೊಂಡು ಹೋಗುತ್ತೇನೆಂದರು. ಆಗಲಿ ಎಂದೆ. ಇಬ್ಬರೂ ಹಿಡಿದುಕೊಂಡು ಬಸ್ಸಿನವರೆಗೆ ನಡೆಸಲು ಹೊರಟೆವು. ಗೇಟಿನ ಹತ್ತಿರವೇ ಅವಳ ಕಾಲು ಸೋತು ತಲೆ ನನ್ನ ಭುಜದ ಮೇಲೆ ಬಿತ್ತು. ಎತ್ತಿಕೊಂಡು ವಾಪಸು ಬಂದೆ. ಭಾರವೇ ಇಲ್ಲ.

ಜಗುಲಿಯಲ್ಲಿ ಮಲಗಿಸಿದೆವು. ಒಳಗಿನ ವಾಸನೆಗಿಂತ ವಾಸಿ. ಆದರೆ ಜಲಪಾತದ ಕಡೆಯ ಗಾಳಿ, ತುಂತುರು, ಸಾಯಂಕಾಲಕ್ಕೆ ಚಳಿಜ್ವರ. ಮತ್ತೆ ಒಳಗೆ ತಂದೆವು. ತಂದ ಕೂಡಲೇ ವಾಂತಿ. ಅತ್ತ ದರಿ, ಇತ್ತ ಪುಲಿ.

ಹೋಗುವಾಗ ಮಾವನವರು, "ನಿಮ್ಮ ಮನೇಲಿ ಏನು ವಾಸನೆ ಅದು?" ಎಂದು ಕೇಳಿದರು. ಇಲಿ ಎಂದೆ.

೨೬ ಜುಲೈ, ಭಾನುವಾರ

ಇಂದು ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಮಾಯಮ್ಮ ಅಮ್ಮನ ಹತ್ತಿರ, "ಆ ಗುಂಡೀಲಿ ಗಾಳಿ ಸೇರ್ಕಂಡದೆ ಕಣವ್ವ. ಒಳೇಲಿ ಓದ ಎಣ ಎಷ್ಟವೋ ಏನೋ. ಬಸ್ರಿ ಎಂಗ್ಸು ಅಂದ್ರೆ ಬುಟ್ಟದಾ? ದಿಷ್ಟಿ ನಿವಾಳಿಸಿ ಅಲ್ಲೇ ಒಗೆ ಆಕ್ಬುಡಣ" ಎಂದಳು. ಅಮ್ಮನಿಗೆ ಅದು ಸರಿಯೆಂದು ಕಂಡಿತು. ನನಗೂ ಕಂಡಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಮುಳುಗುವವನು ಹುಲ್ಲುಕಡ್ಡಿಯನ್ನು ಬಿಡುತ್ತಾನೆಯೇ?

ಒಣಮೆಣಸಿನಕಾಯಿ, ಉಪ್ಪು, ಸಾಸಿವೆಯನ್ನು ಪಂಕಜಳಿಗೆ ನಿವಾಳಿಸಿ, ಕೆಂಡದ ಬಾಣಲೆಯಲ್ಲಿ ಹಾಕಿ ಹಿತ್ತಲಿಗೆ ತಂದೆವು. ಗುಂಡಿಯ ಚಪ್ಪಡಿಯನ್ನು ನಾನೇ ಪಕ್ಕಕ್ಕೆ ಸರಿಸಿದೆ. ಮಾಯಮ್ಮ ಬಾಣಲೆಯನ್ನು ಒಳಗಿನ ಕಲ್ಲಿನ ಮೇಲಿಟ್ಟು, ಚಪ್ಪಡಿಯನ್ನು ಎಳೆಸಿ, ಸಂದಿಗೆ ಗೋಣಿ ತುರುಕಿದಳು. ನಾವು ಮೂವರೂ ನಿಂತೆವು. ಹಿಡಿ ಮೆಣಸಿನಕಾಯಿ ಸುಟ್ಟರೂ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ.

"ನೋಡ್ರವ್ವ, ಘಾಟೇ ಇಲ್ಲ! ದಿಷ್ಟಿ ಅಂದ್ರೆ ಇದು ಕಣವ್ವ! ಎಂಥ ದಿಷ್ಟಿ ಬಿದ್ದಿತ್ತು ನೋಡ್ರಿ!" ಎಂದಳು ಮಾಯಮ್ಮ. ಅಮ್ಮ ಕೈ ಮುಗಿದಳು. ನಾನೂ ಮುಗಿದೆ.

ಆಗ ಒಳಗಿನಿಂದ ಕೇಳಿಸಿತು. ಅದು ಕೆಮ್ಮಲ್ಲ, ಯಾರೋ ಕತ್ತು ಹಿಸುಕಿದ ಹಾಗೆ. ಓಡಿದೆ. ಅಡುಗೆಮನೆಯ ತುಂಬ ಹೊಗೆ, ಕಣ್ಣು ಬಿಡಲಾಗದ ಘಾಟು. ಪಕ್ಕದ ಕೋಣೆಯಲ್ಲಿ ಪಂಕಜ ಮಂಚದಿಂದ ಕೆಳಗೆ ಬಿದ್ದು ಹೊರಳುತ್ತಿದ್ದಳು. ವಾಂತಿಯಲ್ಲಿ ಬೇರೇನೂ ಇಲ್ಲ, ರಕ್ತ. ಅವಳನ್ನು ಬಾಚಿಕೊಂಡು ಜಗುಲಿಗೆ ತಂದು ಅಮ್ಮನ ಹತ್ತಿರ ಬಿಟ್ಟು, ಬೆಂಕಿ ಎಲ್ಲಿ ಬಿತ್ತೆಂದು ಮತ್ತೆ ಒಳಗೆ ಹೋದೆ. ಎಲ್ಲೂ ಬೆಂಕಿಯಿಲ್ಲ. ಸಿಂಕಿನ ತೂತಿನಿಂದ ಹೊಗೆ ಸುರುಳಿ ಸುರುಳಿಯಾಗಿ ಮೇಲೇಳುತ್ತಿತ್ತು. ಹಿತ್ತಲಿನ ಗುಂಡಿಯಲ್ಲಿ ನಾವು ಮುಚ್ಚಿಟ್ಟ ಹೊಗೆ.

ಹೊಗೆ ಬರುವ ದಾರಿಯಲ್ಲೇ ಗುಂಡಿಯ ವಿಷಗಾಳಿ ಹಗಲೂ ರಾತ್ರಿ ಬರುತ್ತಿದೆ. ಆ ದಾರಿಯನ್ನು ಮಾಡಿದವನು ನಾನು. ಗಾರೆ ಮೆತ್ತಿ, ಪೊಂಗಲು ತಿಂದು, ಬೀಗಿ ಮಾಡಿದೆ. ಕೊಂಕಿನಲ್ಲಿ ನಿಂತ ಆ ನೀರೇ ಗಾಳಿ ಬರದಂತೆ ಮುಚ್ಚಿದ ಬಾಗಿಲಾಗಿತ್ತು.

ಅಮ್ಮನಿಗೆ ಹೇಳಿದೆ. "ಮುಸುರೆ ನೀರು ಕಾವಲು ಕಾಯುತ್ತೇನೋ? ಮತ್ತೆ ಅದನ್ನ ಒಳಗೆ ನಿಲ್ಲಿಸ್ತೀನಿ ಅನ್ನಬೇಡ" ಎಂದಳು. "ನಿಲ್ಲಲಿ! ವರ್ಷಗಟ್ಟಲೆ ನಿಲ್ಲಲಿ! ಇಲ್ಲಿ ಪ್ರಾಣ ಹೋಗ್ತಿದೆ, ನಿನಗೆ ಮುಸುರೆ!" ಎಂದೆ. ಸ್ವಲ್ಪ ಗಟ್ಟಿಯಾಗಿ ಹೇಳಿದೆನೆಂದು ತೋರುತ್ತದೆ. ಮಾಯಮ್ಮ ಹಿತ್ತಲಿನಿಂದ ಓಡಿ ಬಂದಳು.

ತೂತಿಗೆ ಬಟ್ಟೆ ತುರುಕಿದ್ದೇನೆ. ಗಾರೆಯ ಬಿರುಕುಗಳಿಂದ ವಾಸನೆ ಇನ್ನೂ ಬರುತ್ತಿದೆ.

೨೭ ಜುಲೈ, ಸೋಮವಾರ

ಹೊಳೆಯ ದಡಕ್ಕೆ ಹೋಗಿ ನಿಂತೆ. ಕೆಂಪು ನೀರು ಎರಡೂ ದಡ ಮುಟ್ಟಿ ಹೋಗುತ್ತಿದೆ. ಕೊಂಕು ಯಾವ ಮಡುವಿನಲ್ಲಿದೆಯೋ.

ಉಗ್ರಾಣದವನ ಹತ್ತಿರ ಹೋಗಿ ಹೊಳೆಗೆ ಹಾಕಿದ್ದನ್ನೂ ಸೇರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವೆಲ್ಲ ಹಡಗಿನಲ್ಲಿ ಬಂದ ಸಾಮಾನುಗಳಂತೆ, ಈಗ ಒಂದೂ ಇಲ್ಲವಂತೆ. "ಇದನ್ನ ಮೇಲಕ್ಕೆ ಬರೀದೆ ನನಗೆ ವಿಧಿಯಿಲ್ಲ, ಅಯ್ಯಂಗಾರ್ರೇ" ಎಂದ. ಬರಿ ಮಾರಾಯ ಎಂದೆ.

ಮಳವಳ್ಳಿಯ ತಗಡಿನವನಿಗೆ ಹೇಳಿ ಕಳಿಸಿದರೆ ಅವನು ಮಗಳ ಮದುವೆಗೆ ಕೆರಗೋಡಿಗೆ ಹೋಗಿದ್ದಾನೆ.

ದಾರಿಯಲ್ಲಿ ಬರುತ್ತ ಯೋಚಿಸಿದೆ. ಬೇಕಾದದ್ದು ಕೊಂಕಲ್ಲ. ಕೊಳವೆಯ ಬಾಯಿ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು, ಅಷ್ಟೇ. ಅದು ಮಡಕೆಯಲ್ಲಿ ಆಗುವುದಿಲ್ಲವೇ? ಗೋಡೆಯ ಹೊರಗೆ ಮಡಕೆ ಹೂಳಿ, ಸಿಂಕಿನ ಕೊಳವೆಯನ್ನು ಅದರ ನೀರಿನೊಳಗೆ ಇಳಿಸಿ, ಹೆಚ್ಚಾದ ನೀರು ಪಕ್ಕದ ತೂತಿನಿಂದ ಗುಂಡಿಗೆ ಹೋಗುವ ಹಾಗೆ ಮಾಡಿದರೆ? ಮಾಯಮ್ಮನಿಗೆ ಮಡಕೆಗಳನ್ನು ತರಲು ಹೇಳಿದೆ.

೨೮ ಜುಲೈ, ಮಂಗಳವಾರ

ಆಫೀಸಿಗೆ ಹೋಗಲಿಲ್ಲ. ದಿನವಿಡೀ ಅಗೆದೆ. ಹೊರಗಿನ ಮಣ್ಣಿನ ಕೊಳವೆ ಒಡೆದು, ಆ ಜಾಗದಲ್ಲಿ ಮಡಕೆ ಹೂಳಿ, ಮೊಳೆಯಿಂದ ತೂತು ಕೊರೆದು, ಸಂದಿಗೆ ಜೇಡಿಮಣ್ಣು, ಮೇಲೆ ಮುಚ್ಚಳ, ಗಾರೆ. ಅಂಗೈ ಬೊಬ್ಬೆ ಒಡೆದಿದೆ. ಸಾಯಂಕಾಲ ಬಟ್ಟೆ ತೆಗೆದು ಸಿಂಕಿನ ಮೇಲೆ ಬಗ್ಗಿ ಮೂಸಿದೆ.

ಅದೇ ವಾಸನೆ.

೨೯ ಜುಲೈ, ಬುಧವಾರ

ಮುಚ್ಚಳ ಒಡೆದು ನೋಡಿದೆ. ತೂತನ್ನು ಕೆಳಗೆ ಕೊರೆದಿದ್ದೇನೆ! ನೀರು ಕೊಳವೆಯ ಬಾಯಿಯವರೆಗೆ ಏರುವ ಮೊದಲೇ ಹರಿದು ಹೋಗುತ್ತಿದೆ. ದಡ್ಡ, ಶತದಡ್ಡ. ಇನ್ನೊಂದು ಮಡಕೆ ತೆಗೆದುಕೊಂಡು ಕತ್ತಿನ ಹತ್ತಿರ ಕೊರೆಯುವಾಗ ಟಪ್ಪೆಂದು ಸೀಳಿತು. ಚೂರುಗಳನ್ನು ಕೈಯಲ್ಲಿ ಹಿಡಿದು ಕೆಸರಿನಲ್ಲಿ ಕೂತು ಅತ್ತೆ. ಮಾಯಮ್ಮ ನೋಡಿದಳು. ನೋಡಲಿ.

"ಅಳ್ಬೇಡಿ ಅಯ್ನೋರೆ, ಇನ್ನೊಂದದೆ. ಸ್ವಲ್ಪ ನಿದಾನುಕ್ಕೆ ಕೊರೀರಿ" ಎಂದಳು.

ಒಳಗೆ ಹೋದೆ. ಪಂಕಜ ಕಣ್ಣು ತೆರೆದಿದ್ದಳು. "ಏನು ಮಾಡ್ತಿದೀರಿ ಹೊರಗೆ, ಮೂರು ಹೊತ್ತೂ ಕುಟ್ಟೋ ಸದ್ದು?" ಎಂದಳು. ಮಾತು ಕೇಳಿಸಿಕೊಳ್ಳಲು ಕಿವಿಯನ್ನು ಬಾಯಿಯ ಹತ್ತಿರ ಇಡಬೇಕು. ನೀನು ಮೊದಲೇ ಹೇಳಿದ್ದನ್ನು ಈಗ ಮಾಡುತ್ತಿದ್ದೇನೆ ಎಂದೆ. ತುಟಿ ಒಡೆದಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸಿದೆ. ನೀನು ಹೋಗಬೇಡ ಎಂದೆ.

ಮೂರನೆಯ ಮಡಕೆಯನ್ನು ನೀರಿನಲ್ಲಿ ನೆನೆಸಿ, ಬಟ್ಟೆಯ ಮೇಲಿಟ್ಟು, ಮೊಳೆಯನ್ನು ಬೆರಳಿನಲ್ಲೇ ತಿರುಗಿಸಿ ತಿರುಗಿಸಿ ಕೊರೆದೆ. ಸೀಳಲಿಲ್ಲ. ಹೂಳಿದೆ.

೩೦ ಜುಲೈ, ಗುರುವಾರ

ವಾಸನೆ ನಿಂತಿದೆ. ಅಮ್ಮನನ್ನು ಕರೆದು ಮೂಸು ಎಂದೆ. ಮಾಯಮ್ಮನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಮೂಸು ಎಂದೆ. ನಿಂತಿದೆ. ಗೋಡೆಯ ಹೊರಗೆ ನಿಲ್ಲುವ ಮುಸುರೆಗೆ ಅಮ್ಮನ ತಕರಾರಿಲ್ಲ.

ಆದರೆ ಪಂಕಜ ಏನೂ ತಿನ್ನುತ್ತಿಲ್ಲ. ವಾಂತಿಯಿಲ್ಲ, ಯಾಕೆಂದರೆ ಒಳಗೆ ಹೋಗುವುದೇ ಇಲ್ಲ. ಚಮಚವನ್ನು ತುಟಿಗಿಟ್ಟರೆ ಮುಖ ತಿರುಗಿಸುತ್ತಾಳೆ. ಅನ್ನ ಎಂದರೆ ಅವಳ ಮೈಗೇ ಭಯ ಹತ್ತಿದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತೇ? ಡಾಕ್ಟರು ಬಂದು ನಾಡಿ ಹಿಡಿದು, ಭಾನುವಾರ ಮತ್ತೆ ಬರುತ್ತೇನೆ, ಮೈಸೂರಿಗೆ ಕಾರಿನ ಏರ್ಪಾಡು ಮಾಡಿಟ್ಟುಕೊಳ್ಳಿ ಎಂದರು.

ಪೆರುಮಾಳೇ, ನನ್ನ ಕೆಲಸ ತೆಗೆದುಕೋ, ಮನೆ ತೆಗೆದುಕೋ.

೩೧ ಜುಲೈ

ನಾಲ್ಕು ಚಮಚ ನೀರು. ಅಷ್ಟೇ.

೧ ಆಗಸ್ಟ್, ಶನಿವಾರ

ಬೆಳಿಗ್ಗೆ ಮಡಕೆಯ ಪಕ್ಕದಲ್ಲಿ ನೆಲ ಒದ್ದೆಯಾಗಿ ಕಂಡಿತು. ಸೋರುತ್ತಿದೆಯೆಂದು ಜೇಡಿಮಣ್ಣು ಕಲಸಿ ಮೆತ್ತುತ್ತ ಕೂತಿದ್ದೆ. ಅಮ್ಮ ಮಿಂದು ಮಡಿಯುಟ್ಟು ನೈವೇದ್ಯಕ್ಕೆ ಅನ್ನ ಇಳಿಸುತ್ತಿದ್ದಳು. ಅವಳು ಮಡಿಯಲ್ಲಿದ್ದರೆ ನಾನು ಅಡುಗೆಮನೆಯ ಹೊಸ್ತಿಲನ್ನು ಮೆಟ್ಟಿದವನಲ್ಲ. ಪೆರುಮಾಳಿನ ಮುಂದಿಡುವ ಮೊದಲು ಒಂದು ಅಗುಳು ಈ ಮನೆಯಲ್ಲಿ ಯಾರ ಬಾಯಿಗೂ ಹೋದದ್ದಿಲ್ಲ.

ಕೋಣೆಯ ಕಿಟಕಿಯಿಂದ ಪಂಕಜಳ ಧ್ವನಿ ಬಂತು. "ಏನೂಂದ್ರೆ... ಇಲ್ಲಿ ಬನ್ನಿ." ಎದ್ದು ಕಿಟಕಿಗೆ ಬಂದೆ.

"ಬಿಸಿ ಅನ್ನ ಘಮ್ ಅಂತಿದೆ," ಎಂದಳು. "ಒಂಚೂರು ಕೊಡ್ತೀರಾ?"

ಆಮೇಲೆ ನಾನು ಏನು ಮಾಡಿದೆನೆಂದು ಸರಿಯಾಗಿ ನೆನಪಿಲ್ಲ. ಒಳಗೆ ಹೋದೆ, ಸೌಟು ತೆಗೆದುಕೊಂಡೆ, ತಪ್ಪಲೆಯ ಮುಚ್ಚಳ ತೆಗೆದು ತಟ್ಟೆಗೆ ಅನ್ನ ಹಾಕಿಕೊಂಡೆ, ತುಪ್ಪ ಸುರಿದೆ. ತಿರುಗಿದರೆ ಅಮ್ಮ ಒಲೆಯ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮೈಯೆಲ್ಲ ಕೆಸರು, ನಿನ್ನೆಯ ಪಂಚೆ, ಮೀಯದ ಮೈ. ತಪ್ಪಲೆಯ ಅನ್ನವೆಲ್ಲ ಮೈಲಿಗೆ. ಕೋಣೆಗೆ ಹೋದೆ. ಅಮ್ಮ ಹಿಂದೆಯೇ ಬಂದಳು.

ತುತ್ತು ಕಲಸಲು ಕೈ ಹಾಕಿದ್ದೆ, ಅಷ್ಟರಲ್ಲಿ, "ಆ ಕೈ ನೋಡ್ಕೋ! ಮೊಣಕೈವರೆಗೂ ಜೇಡಿಮಣ್ಣು! ಆ ಕೈಯಲ್ಲಿ ಬಸುರಿ ಬಾಯಿಗೆ ಇಡ್ತೀಯಾ? ಕೊಡು ಇಲ್ಲಿ" ಎಂದು ತಟ್ಟೆಯನ್ನು ಕಿತ್ತುಕೊಂಡಳು. ಮಡಿ ಸೀರೆಯಲ್ಲೇ ಮಂಚದ ಮೇಲೆ ಕೂತು, ಪಂಕಜಳ ತಲೆಯನ್ನು ಎತ್ತಿ ತನ್ನ ಎದೆಗೆ ಒರಗಿಸಿಕೊಂಡು, ತುಪ್ಪದನ್ನವನ್ನು ಮಿದ್ದು ಕಿರುಬೆರಳಿನಷ್ಟು ಬಾಯಿಗಿಟ್ಟಳು. ಪಂಕಜ ಅದನ್ನು ಬಹಳ ಹೊತ್ತು ಬಾಯಿಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿ ನುಂಗಿದಳು.

ನಾನು ಬೋಗುಣಿ ಹಿಡಿದು ನಿಂತೆ. ಪಂಕಜ ಒಂದು ಸಲ ಬಿಕ್ಕಿದಳು. ಇನ್ನೇನು ಬಂತು ಎಂದು ಬೋಗುಣಿಯನ್ನು ಮುಂದೆ ಚಾಚಿದೆ. ಬರಲಿಲ್ಲ. ಇನ್ನೂ ಕಾದೆವು. ಬರಲಿಲ್ಲ.

"ಇನ್ನೊಂದು" ಎಂದಳು.

ಅಮ್ಮ ತಟ್ಟೆಯ ಕಡೆ ಬಗ್ಗಿದಳು. ಕಣ್ಣೀರು ಮೂಗಿನ ತುದಿಯಿಂದ ಅನ್ನದ ಮೇಲೆ ಬೀಳುವುದರಲ್ಲಿತ್ತು. ಭುಜಕ್ಕೆ ಮುಖ ಒರೆಸಿಕೊಂಡು ಇನ್ನೊಂದು ತುತ್ತು ಮಿದ್ದಳು. "ನಿಧಾನಕ್ಕೆ ಕಣೇ, ಯಾರೂ ಕಿತ್ಕೊಳ್ಳೋಲ್ಲ" ಎಂದಳು.

ತಟ್ಟೆಯಲ್ಲಿದ್ದ ಅರ್ಧದಷ್ಟು ಹೋಯಿತು. ಅವಳು ಹಾಗೇ ಅಮ್ಮನಿಗೆ ಒರಗಿ ನಿದ್ದೆ ಹೋದಳು. ಎಚ್ಚರವಾದೀತೆಂದು ಅಮ್ಮ ಕದಲದೆ ಕೂತೇ ಇದ್ದಳು. ನಡುಹಗಲಾದ ಮೇಲೆ ಎದ್ದು ಮತ್ತೆ ಮಿಂದು, ಒಲೆ ಹೊತ್ತಿಸಿ, ಹೊಸದಾಗಿ ಅನ್ನಕ್ಕೆ ಇಟ್ಟಳು. ಇಂದು ಪೆರುಮಾಳಿಗೆ ಊಟ ತಡವಾಯಿತು.